ಮಂಡಿ ಹೊಸದು, ಚಿಪ್ಪು ಹಳೆಯದು: ಮೆಟ್ಟಿಲಿಳಿಯುವಾಗಿನ ಈ ನೋವಿಗೆ ಏನು ಮಾಡುವುದು?

ಪ್ರಶ್ನೆ: ನನಗೆ 66 ವರ್ಷ. ಡೊಂಬಿವಲಿಯಲ್ಲಿ ಲಿಫ್ಟ್ ಇಲ್ಲದ ಹಳೇ ಬಿಲ್ಡಿಂಗ್‌ನ ಮೂರನೇ ಮಹಡಿಯಲ್ಲಿ ಮನೆ. ಬಲಗಾಲಿನ ಮಂಡಿ ಬದಲಿಸುವ ಆಪರೇಷನ್ ಆಗಿ 10 ವಾರ ಆಯಿತು. ಮೊದಲಿದ್ದ ನೋವು ಹೋಗಿದೆ. ಆದರೆ ಈಗ ಮುಂದೆ, ಚಿಪ್ಪಿನ ಸುತ್ತ ಬೇರೆಯೇ ಒಂದು ನೋವು. ಸೋಫಾದಿಂದ ಏಳುವಾಗ, ಮೆಟ್ಟಿಲು ಇಳಿಯುವಾಗ ಜಾಸ್ತಿ. ಕಟಕಟ ಸದ್ದೂ ಬರುತ್ತದೆ. ಗಾಯದ ಹೊರಬದಿಯಲ್ಲಿ ಚರ್ಮ ಜೋಮು ಹಿಡಿದ ಹಾಗಿದೆ. ಫಿಸಿಯೋ ನಾಲ್ಕು ವಾರ ಮನೆಗೆ ಬಂದರು, 105 ಡಿಗ್ರಿ ಬಗ್ಗುತ್ತದೆ, ಸಾಕು ಅಂದು ನಿಲ್ಲಿಸಿದರು. ನನ್ನ ಓರಗಿತ್ತಿಗೆ ಚಿಪ್ಪಿನ ಹಿಂದೆಯೂ ಪ್ಲಾಸ್ಟಿಕ್ ಬಟನ್ ಹಾಕಿದ್ದಾರಂತೆ, ನನಗೆ ಹಾಕಿಲ್ಲ. ನನಗೆ ಅರ್ಧ ಕೆಲಸ ಮಾಡಿ ಕಳಿಸಿದರೇ? ಎಣ್ಣೆ ಹಚ್ಚಿ ತಿಕ್ಕಿಸಬಹುದೇ? ನೆಲದ ಮೇಲೆ ಕೂತು ಪೂಜೆ ಮಾಡುವುದು ಇನ್ನು ಆಗುವುದೇ ಇಲ್ಲವೇ? ಮುಂದಿನ ತಿಂಗಳು ರೈಲಿನಲ್ಲಿ ಉಡುಪಿಗೆ ಹೋಗಬೇಕು, ಅದನ್ನೂ ತಿಳಿಸಿ.

ಉತ್ತರ: ಅಮ್ಮಾ, ಮುಂದೆ ಓದುವ ಮೊದಲು ಮಂಚದ ಮೇಲೆ ಅಂಗಾತ ಮಲಗಿ. ಎಡಗಾಲು ಮಡಚಿ. ಆಪರೇಷನ್ ಆದ ಬಲಗಾಲನ್ನು ನೇರ ಇಟ್ಟು ಒಂದು ಗೇಣು ಮೇಲೆತ್ತಿ ನೋಡಿ.

ಮಂಡಿ ಬಗ್ಗದೆ, ಹಲಗೆಯ ಹಾಗೆ ನೇರವಾಗಿ ಎದ್ದಿತಾ? ಒಳ್ಳೆಯದು. ಎದ್ದಿತು, ಆದರೆ ಮಂಡಿ ಸ್ವಲ್ಪ ಜೋತು ಬಿತ್ತಾ? ಹಾಗಾದರೆ ನಿಮ್ಮ ತೊಡೆ ಇನ್ನೂ ನಿದ್ದೆಯಲ್ಲಿದೆ, ನಿಮ್ಮ ನೋವಿನ ಬಹುಪಾಲು ಉತ್ತರ ಅಲ್ಲೇ ಇದೆ. ನಿನ್ನೆವರೆಗೆ ಎತ್ತುತ್ತಿದ್ದ ಕಾಲು ಇವತ್ತು ಏಳುವುದೇ ಇಲ್ಲ ಅಂತಾದರೆ ಮಾತ್ರ ಇದನ್ನು ಇಲ್ಲಿಗೇ ಬಿಟ್ಟು ಇವತ್ತೇ ಸರ್ಜನ್ ಹತ್ತಿರ ಹೋಗಿ. ಚಿಪ್ಪಿನ ಮೇಲಿನ ಅಥವಾ ಕೆಳಗಿನ ಸ್ನಾಯುಪಟ್ಟಿ ಹರಿದಾಗ, ಚಿಪ್ಪು ಮುರಿದಾಗ ಹೀಗಾಗುತ್ತದೆ. ಅದು ಅಪರೂಪ, ಆದರೆ ಕಾಯುವ ವಿಷಯ ಅಲ್ಲ.

ನಾನು ಫಿಸಿಯೋಥೆರಪಿಸ್ಟ್, ಸರ್ಜನ್ ಅಲ್ಲ. ನಿಮ್ಮ ಎಕ್ಸ್‌ರೇ ನೋಡಿಲ್ಲ, ಕಾಲು ಮುಟ್ಟಿ ನೋಡಿಲ್ಲ. ಆದರೆ ಠಾಣೆ, ಡೊಂಬಿವಲಿ, ಮುಲುಂಡ್ ಕಡೆಯ ಮೆಟ್ಟಿಲು ಹತ್ತಿಳಿದು ಇಂಥ ಮಂಡಿಗಳನ್ನು ಬೇಕಾದಷ್ಟು ನೋಡಿದ್ದೇನೆ. ನೀವು ಹೇಳಿದ ಹಾಗೆಯೇ, ಹೆಚ್ಚು ಕಡಿಮೆ ಇದೇ ಮಾತುಗಳಲ್ಲಿ, ಎರಡನೇ ಮೂರನೇ ತಿಂಗಳಲ್ಲಿ ತುಂಬಾ ಜನ ಹೇಳುತ್ತಾರೆ.

ಚಿಪ್ಪು ಮಾಡುವುದು ಏನು ಅಂತ ತಿಳಿದರೆ ಉಳಿದದ್ದು ಸುಲಭ. ಊರಿನ ಬಾವಿಯ ರಾಟೆ ನೆನಪಿದೆಯಲ್ಲ? ರಾಟೆ ಇಲ್ಲದೆ ಬಾವಿಕಟ್ಟೆಯ ಅಂಚಿನಲ್ಲಿ ಹಗ್ಗ ಎಳೆದರೆ ಅದೇ ಕೊಡ ಎರಡು ಪಟ್ಟು ಭಾರ ಅನಿಸುತ್ತದೆ. ಮಂಡಿಚಿಪ್ಪು ಆ ರಾಟೆಯ ಕೆಲಸ ಮಾಡುತ್ತದೆ. ಎಳೆಯುವವನು ತೊಡೆಯ ಮುಂಭಾಗದ ದೊಡ್ಡ ಸ್ನಾಯು, ಕೊಡ ನಿಮ್ಮ ಮೈಭಾರ. ಚಿಪ್ಪು ತೊಡೆಮೂಳೆಯ ತುದಿಯಲ್ಲಿರುವ ಒಂದು ತೋಡಿನಲ್ಲಿ ಮೇಲೆ ಕೆಳಗೆ ಜಾರುತ್ತದೆ. ಎಳೆಯುವವನು ಗಟ್ಟಿಯಾಗಿ, ನೇರವಾಗಿ ಎಳೆದರೆ ಚಿಪ್ಪು ತೋಡಿನಲ್ಲೇ ಓಡುತ್ತದೆ. ಅವನು ಸುಸ್ತಾಗಿ ಓಲಾಡಿದರೆ ಅದು ಒಂದು ಬದಿಗೆ ಒತ್ತಿಕೊಂಡು ಉಜ್ಜುತ್ತದೆ. ನಾವು ನೋವು ಬಂದಾಗ ರಾಟೆಯನ್ನು ಬೈಯುತ್ತೇವೆ. ತಪ್ಪು ಸಾಮಾನ್ಯವಾಗಿ ಎಳೆಯುವವನದ್ದು.

ಅವನು ಯಾಕೆ ಸುಸ್ತಾದ? ಆಪರೇಷನ್‌ನಲ್ಲಿ ಮಂಡಿಯೊಳಗೆ ಹೋಗಲು ಸಾಮಾನ್ಯವಾಗಿ ಚಿಪ್ಪಿನ ಒಳಬದಿಯಲ್ಲಿ ಕೊಯ್ದು ಚಿಪ್ಪನ್ನು ಪಕ್ಕಕ್ಕೆ ಸರಿಸುತ್ತಾರೆ, ಕೆಲಸ ಮುಗಿದ ಮೇಲೆ ಹೊಲಿದು ಜಾಗಕ್ಕೆ ತರುತ್ತಾರೆ. ಆ ಹೊಲಿಗೆ ತೊಡೆಯ ಸ್ನಾಯುಪಟ್ಟಿಯಲ್ಲೂ ಇರುತ್ತದೆ. ಆದರೆ ಅದಕ್ಕಿಂತ ದೊಡ್ಡ ಕಾರಣ ಊತ. ಮಂಡಿಯೊಳಗೆ ಸ್ವಲ್ಪ ನೀರು ತುಂಬಿದರೂ ಸಾಕು, ನರಗಳು ತೊಡೆಗೆ ‘ಸುಮ್ನೆ ಇರು’ ಅಂತ ಸಂದೇಶ ಕಳಿಸುತ್ತವೆ. ಇದು ನಿಮ್ಮ ಸೋಮಾರಿತನ ಅಲ್ಲ, ದೇಹದ ಕಟ್ಟಳೆ. ನೀವು ಎಷ್ಟು ಮನಸ್ಸು ಮಾಡಿದರೂ ತೊಡೆ ಪೂರ್ತಿ ಬಿಗಿಯುವುದಿಲ್ಲ. ಆಪರೇಷನ್ ಆದ ಮೊದಲ ತಿಂಗಳಲ್ಲಿ ಆ ಸ್ನಾಯುವಿನ ಬಲ ಅರ್ಧಕ್ಕಿಂತಲೂ ಕೆಳಗೆ ಇಳಿಯುತ್ತದೆ, ಮತ್ತೆ ತುಂಬಿಕೊಳ್ಳಲು ಒಂದು ವರ್ಷದ ತನಕ ಹಿಡಿಯಬಹುದು. ನಿಮಗೆ ಈಗ ಆಗಿರುವುದು 10 ವಾರ.

ಇಲ್ಲಿ ನನ್ನದೊಂದು ಸಿಟ್ಟು ಹೇಳಿಬಿಡುತ್ತೇನೆ. ಆಪರೇಷನ್ ಪ್ಯಾಕೇಜ್‌ನಲ್ಲಿ ಸೇರಿ ಬರುವ ಫಿಸಿಯೋ ಮೂರು ನಾಲ್ಕು ವಾರ ಬಂದು, ಮಂಡಿ ಬಗ್ಗಿಸಿ, ಡಿಗ್ರಿ ಬರೆದುಕೊಂಡು ಹೋಗುತ್ತಾರೆ. ಬಗ್ಗುವುದು ಬೇಕು, ಒಪ್ಪಿದೆ. ಆದರೆ ತೊಡೆಗೆ ಬಲ ಬರಿಸುವ ನಿಜವಾದ ಕೆಲಸ ಶುರುವಾಗುವುದೇ ಅವರು ನಿಲ್ಲಿಸುವ ಹೊತ್ತಿಗೆ! ಮನೆಯವರೂ 105 ಅಂತ ಕೇಳಿ ಪಾಸಾಯಿತು ಅಂದುಕೊಳ್ಳುತ್ತಾರೆ. ಆಮೇಲೆ ಮೆಟ್ಟಿಲಲ್ಲಿ ನೋವು ಬಂದಾಗ ಆಪರೇಷನ್ನೇ ಕೆಟ್ಟಿತು ಅನ್ನುವ ಭಯ.

ಮೆಟ್ಟಿಲಲ್ಲಿ ಮತ್ತು ಸೋಫಾದಲ್ಲೇ ಯಾಕೆ ಜಾಸ್ತಿ ಅಂದರೆ, ಮಂಡಿ ಬಗ್ಗಿದಷ್ಟೂ ಚಿಪ್ಪನ್ನು ತೋಡಿಗೆ ಒತ್ತುವ ಬಲ ಏರುತ್ತದೆ. ಆಪರೇಷನ್ ಆಗದ ಮಂಡಿಯಲ್ಲಿ ಹಿಂದೆ ಅಳೆದ ಲೆಕ್ಕ ಹೀಗಿದೆ: ಸಮನೆಲದಲ್ಲಿ ನಡೆಯುವಾಗ ಮೈತೂಕದ ಸುಮಾರು ಅರ್ಧ, ಮೆಟ್ಟಿಲಲ್ಲಿ ಸುಮಾರು ಮೂರು ಪಟ್ಟು, ಕುಕ್ಕರಗಾಲಲ್ಲಿ ಕೂತೇಳುವಾಗ ಏಳೆಂಟು ಪಟ್ಟು. ಅಂದರೆ 65 ಕಿಲೋದವರಿಗೆ ಒಂದೊಂದು ಮೆಟ್ಟಿಲಲ್ಲೂ ಚಿಪ್ಪಿನ ಮೇಲೆ ಇನ್ನೂರು ಕಿಲೋ ಹತ್ತಿರ ಒತ್ತಡ. ಮಹಡಿಗೆ ಇಪ್ಪತ್ತು ಮೆಟ್ಟಿಲು ಅಂದರೂ ನಿಮ್ಮದು ಅರವತ್ತು. ದಿನಕ್ಕೆ ಮೂರು ಸಲ ಹತ್ತಿಳಿದರೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ.

ಹಾಗಂತ ಮನೆಯಲ್ಲೇ ಕೂತಿರಿ ಅನ್ನುತ್ತಿಲ್ಲ. ದಿನಕ್ಕೆ ಒಂದು ಸಲ ಇಳಿದು ಹತ್ತಿ. ಕೊತ್ತಂಬರಿ ಸೊಪ್ಪಿಗೆ, ಹಾಲಿಗೆ ಇಳಿಯಬೇಡಿ. ಬಾಲ್ಕನಿಯಿಂದ ಹಗ್ಗಕ್ಕೆ ಚೀಲ ಕಟ್ಟಿ ಇಳಿಬಿಡುವುದು ನಮ್ಮ ಮುಂಬೈಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಮೇಲಿನ ಮೆಟ್ಟಿಲಲ್ಲಿ ಉಳಿಯುವ ಕಾಲೇ ಇಡೀ ಮೈಯನ್ನು ಹಿಡಿದು ನಿಧಾನಕ್ಕೆ ಕೆಳಗಿಳಿಸುವುದು, ಆ ಕೆಲಸ ಸದ್ಯಕ್ಕೆ ಎಡಗಾಲು ಮಾಡಲಿ. ಒಂದೊಂದೇ ಮೆಟ್ಟಿಲು, ಎರಡೂ ಪಾದ ಸೇರಿಸಿ. ಕಟಕಟೆ ಹಿಡಿದುಕೊಳ್ಳಲೇಬೇಕು. ಎರಡನೇ ಮಹಡಿಯವರು ಒಪ್ಪಿದರೆ ಅವರ ಬಾಗಿಲ ಹೊರಗೆ ಒಂದು ಕುರ್ಚಿ ಇಡಿಸಿ, ಅರ್ಧ ದಾರಿಯಲ್ಲಿ ಕೂತು ನಾಲ್ಕು ಮಾತಾಡಿ ಹತ್ತಿ.

ಸೋಫಾ ವಿಷಯ ಇನ್ನೂ ಮುಖ್ಯ. ನಮ್ಮ ಸಣ್ಣ ಮನೆಗಳ ಸೋಫಾ-ಕಮ್-ಬೆಡ್ ಇದೆಯಲ್ಲ, ಮಂಡಿಯ ಶತ್ರು ಅದು. ತಗ್ಗು, ಮೆತ್ತಗೆ, ಕೂತರೆ ಹುಗಿದುಹೋಗುತ್ತೀರಿ. ಮಾಟುಂಗದ ಹೋಟೆಲ್ ಒಂದರ ಗಲ್ಲಾದಲ್ಲಿ ಕೂರುವ ಹಿರಿಯರೊಬ್ಬರು ನಿಮ್ಮದೇ ನೋವು ಹೇಳಿಕೊಂಡು ಬಂದಿದ್ದರು. ವ್ಯಾಯಾಮ ಎಲ್ಲ ಸರಿಯಾಗಿ ಮಾಡುತ್ತಿದ್ದರು, ಆದರೂ ಸಂಜೆಗೆ ಚಿಪ್ಪು ಉರಿ. ಹೋಗಿ ನೋಡಿದರೆ ಅವರ ಕುರ್ಚಿ ತಗ್ಗು, ಗಿರಾಕಿ ಬಂದಾಗಲೆಲ್ಲ ಎದ್ದು ಕೂರುವುದು. ದಿನಕ್ಕೆ ಇನ್ನೂರು ಸಲ ಎದ್ದಿರಬೇಕು! ಕುರ್ಚಿ ಎತ್ತರಿಸಿದೆವು, ಮಧ್ಯಾಹ್ನ ಅರ್ಧ ಗಂಟೆ ಕಾಲು ಮೇಲಿಟ್ಟು ಐಸ್ ಇಟ್ಟೆವು. ಕೆಲವೇ ವಾರಗಳಲ್ಲಿ ದೂರು ನಿಂತಿತು. ವ್ಯಾಯಾಮ ಒಂದೂ ಬದಲಿಸಿರಲಿಲ್ಲ.

ನಿಮಗೆ ಸುಲಭದ ದಾರಿ: ಕೈ ಇರುವ ಪ್ಲಾಸ್ಟಿಕ್ ಕುರ್ಚಿ ಎರಡೋ ಮೂರೋ ಒಂದರೊಳಗೊಂದು ಇಟ್ಟು ಗೋಡೆಗೆ ತಾಗಿಸಿ ಕೂರಿ. ಕೂತಾಗ ಸೊಂಟ ಮಂಡಿಗಿಂತ ಸ್ವಲ್ಪ ಎತ್ತರದಲ್ಲಿ ಇರಬೇಕು. ಏಳುವಾಗ ಅಂಚಿಗೆ ಜಾರಿ, ಎರಡೂ ಕೈ ಊರಿ, ಮೂಗು ಕಾಲ್ಬೆರಳಿನ ಮೇಲೆ ಬರುವಷ್ಟು ಮುಂದೆ ಬಾಗಿ ಏಳಿ. ಕಮೋಡ್‌ಗೂ ಇದೇ ಮಾತು, ಎತ್ತರಿಸುವ ಸೀಟು ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ.

ಇನ್ನು ಕೆಲಸದ ಕ್ರಮ. ಮೊದಲು ಊತ, ಆಮೇಲೆ ತೊಡೆ. ತಿರುಗಿಸಿ ಮಾಡಿದರೆ ಏನೂ ಸಿಗುವುದಿಲ್ಲ. ನಾಳೆ ಬೆಳಗ್ಗೆ ಎದ್ದ ಕೂಡಲೆ ಟೈಲರ್ ಟೇಪ್ ತೆಗೆದುಕೊಂಡು ಚಿಪ್ಪಿನ ನಡುವಿನ ಮೇಲೆ ಎರಡೂ ಮಂಡಿಯ ಸುತ್ತಳತೆ ಅಳೆದು ಕ್ಯಾಲೆಂಡರ್ ಮೇಲೆ ಬರೆಯಿರಿ. ದಿನಾ ಬರೆಯಿರಿ. ಐಸನ್ನು ತೆಳು ಬಟ್ಟೆಯಲ್ಲಿ ಸುತ್ತಿ 15 ನಿಮಿಷ, ದಿನಕ್ಕೆ ಮೂರು ಸಲ, ಮೆಟ್ಟಿಲು ಹತ್ತಿ ಬಂದ ಮೇಲೆ ತಪ್ಪದೆ. ಐಸ್ ಇಡುವಾಗ ಮಲಗಿ, ಕಾಲು ಎದೆಗಿಂತ ಎತ್ತರ ಇರಲಿ. ದಿಂಬನ್ನು ಹಿಮ್ಮಡಿ, ಮೀನಖಂಡದ ಕೆಳಗೆ ಇಡಿ, ಮಂಡಿಯ ಕೆಳಗೆ ಇಡಬೇಡಿ. ಮಂಡಿ ಕೆಳಗೆ ಇಟ್ಟರೆ ಹಾಯಾಗಿ ಇರುತ್ತದೆ, ಅದೇ ತೊಂದರೆ. ಬಗ್ಗಿದ ಮಂಡಿ ಬಗ್ಗಿದಂತೆಯೇ ಬಿಗಿದುಕೊಳ್ಳುತ್ತದೆ, ಪೂರ್ತಿ ನೇರ ಆಗದ ಮಂಡಿಯಲ್ಲಿ ನಿಂತಾಗಲೂ ಚಿಪ್ಪಿಗೆ ಬಿಡುವಿಲ್ಲ.

ತೊಡೆಗೆ ನಾನು ಹೇಳುವುದು ಬಹಳ ಇಲ್ಲ, ನಾಲ್ಕೈದು. ಕಾಲು ಚಾಚಿ ಮಂಡಿಯ ಕೆಳಗೆ ಸಣ್ಣ ಟವೆಲ್ ಸುರುಳಿ ಇಟ್ಟು (ವ್ಯಾಯಾಮದ ಹೊತ್ತಿಗೆ ಮಾತ್ರ) ಅದನ್ನು ಹಾಸಿಗೆಗೆ ಒತ್ತಿ, ಐದು ಎಣಿಸುವ ತನಕ ಹಿಡಿಯಿರಿ, ಹತ್ತು ಸಲ. ಒತ್ತುವಾಗ ಚಿಪ್ಪು ತೊಡೆಯ ಕಡೆಗೆ ಸರಿಯುವುದು ಕಾಣಬೇಕು. ಕಾಣದಿದ್ದರೆ ತೊಡೆಯ ಮೇಲೆ ಬೆರಳಿಂದ ತಟ್ಟುತ್ತಾ ಮಾಡಿ, ಎರಡೂ ಕಾಲು ಒಟ್ಟಿಗೆ ಬಿಗಿಯಿರಿ, ಒಳ್ಳೆಯ ಕಾಲು ಇನ್ನೊಂದಕ್ಕೆ ಕಲಿಸುತ್ತದೆ. ಆಮೇಲೆ ಮೊದಲು ಮಾಡಿದ ಆ ಕಾಲೆತ್ತುವ ಪರೀಕ್ಷೆ, ಅದೇ ಒಂದು ವ್ಯಾಯಾಮ, ಹತ್ತು ಸಲ. ಅಡುಗೆಕಟ್ಟೆ ಹಿಡಿದು ನಿಂತು ಕಾಲನ್ನು ಪಕ್ಕಕ್ಕೆ ಎತ್ತುವುದು. ಇದನ್ನು ಎಲ್ಲರೂ ಬಿಡುತ್ತಾರೆ. ಸೊಂಟದ ಪಕ್ಕದ ಸ್ನಾಯು ಸೋತರೆ ನಡೆಯುವಾಗ ಮಂಡಿ ಒಳಕ್ಕೆ ವಾಲುತ್ತದೆ, ಚಿಪ್ಪು ಹೊರಕ್ಕೆ ಎಳೆದುಕೊಳ್ಳುತ್ತದೆ. ಎತ್ತರದ ಕುರ್ಚಿಯಿಂದ ಎದ್ದು ಕೂರುವುದು, ಎರಡೂ ಕಾಲಿಗೆ ಸಮ ಭಾರ ಕೊಟ್ಟು. ಭಾರವೆಲ್ಲ ಎಡಗಾಲಿಗೆ ಹಾಕಿ ಏಳುವುದು ಎಲ್ಲರ ಅಭ್ಯಾಸ, ಎದುರಿಗೆ ಕನ್ನಡಿ ಇಟ್ಟರೆ ಕಳ್ಳತನ ಗೊತ್ತಾಗುತ್ತದೆ. ಇದು ಸುಲಭವಾದ ಮೇಲೆ, ಬಿಲ್ಡಿಂಗ್‌ನ ಕೆಳಗಿನ ಮೊದಲ ಮೆಟ್ಟಿಲಲ್ಲಿ ಕಟಕಟೆ ಹಿಡಿದು ಬಲಗಾಲಿಂದ ಹತ್ತಿ ಇಳಿಯುವುದು, ಐದು ಸಲದಿಂದ ಶುರು ಮಾಡಿ. ಸದ್ಯಕ್ಕೆ ಬೇಡದ್ದು: ಕುರ್ಚಿಯಲ್ಲಿ ಕೂತು ಪಾದಕ್ಕೆ ಮರಳಿನ ಚೀಲ ಕಟ್ಟಿ ಕಾಲು ಚಾಚುವುದು. ಜಿಮ್‌ನವರಿಗೆ ಅದು ಪ್ರೀತಿ, ಉರಿಯುವ ಚಿಪ್ಪಿಗೆ ಅಲ್ಲ.

ಎಷ್ಟು ನೋವು ತಡೆದುಕೊಳ್ಳಬೇಕು? ಹತ್ತರಲ್ಲಿ ಮೂರು ನಾಲ್ಕರಷ್ಟು ನೋವು ಮಾಡುವಾಗ ಬಂದರೆ ಪರವಾಗಿಲ್ಲ, ಮರುದಿನ ಬೆಳಗ್ಗೆಗೆ ಇಳಿದಿರಬೇಕು. ಬೆಳಗಿನ ಟೇಪ್ ಅಳತೆ ಏರಿದ್ದರೆ ಹಿಂದಿನ ದಿನ ಮಾಡಿದ್ದು ಜಾಸ್ತಿ ಆಯಿತು ಅಂತ ಅರ್ಥ. ಆವತ್ತು ಅರ್ಧ ಮಾಡಿ. ಪೂರ್ತಿ ಬಿಡಬೇಡಿ.

ಗಾಯ ಪೂರ್ತಿ ಒಣಗಿ ಮುಚ್ಚಿದ್ದರೆ ಚಿಪ್ಪನ್ನು ಕೈಯಿಂದ ಆಡಿಸುವುದೂ ಒಳ್ಳೆಯದು. ಕಾಲು ಚಾಚಿ, ತೊಡೆ ಪೂರ್ತಿ ಸಡಿಲ ಬಿಟ್ಟು, ಹೆಬ್ಬೆರಳು ತೋರುಬೆರಳಿನಿಂದ ಚಿಪ್ಪನ್ನು ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಮೆಲ್ಲಗೆ ಸರಿಸಿ, ತುದಿಯಲ್ಲಿ ಐದು ಸೆಕೆಂಡು ನಿಲ್ಲಿಸಿ. ಚಿಪ್ಪನ್ನು ಒಳಗಿನ ಮೂಳೆಗೆ ಒತ್ತಬಾರದು. ಒಂದು ಸಲ ಫಿಸಿಯೋ ಎದುರು ಮಾಡಿ ತೋರಿಸಿ, ಆಮೇಲೆ ನೀವೇ ಮಾಡಿಕೊಳ್ಳಬಹುದು. ಒಳಗೆ ಗಾಯದ ನಾರು ಬೆಳೆದು ಚಿಪ್ಪು ಅಂಟಿಕೊಂಡಿದ್ದರೆ ಇದರಿಂದ ಸಡಿಲಾಗುತ್ತದೆ.

ಎಣ್ಣೆ ತಿಕ್ಕುವ ಬಗ್ಗೆ. ಮುಚ್ಚಿದ ಗಾಯದ ಗೆರೆಯ ಮೇಲೆ ಬೆರಳ ತುದಿಯಿಂದ ಸ್ವಲ್ಪ ತೆಂಗಿನೆಣ್ಣೆ ಸವರಿ ಮೆಲ್ಲಗೆ ಉಜ್ಜಿಕೊಳ್ಳಿ, ಚರ್ಮ ಮೆತ್ತಗಾಗುತ್ತದೆ. ಮಾಲೀಶ್‌ನವರನ್ನು ಕರೆಸಿ ಬಲವಾಗಿ ತಿಕ್ಕಿಸುವುದು, ಮಂಡಿ ಹಿಡಿದು ಬಗ್ಗಿಸುವುದು ಖಂಡಿತ ಬೇಡ. ಬಿಸಿನೀರಿನ ಚೀಲವೂ ಬೇಡ. ಊತ ಏರುತ್ತದೆ ಅನ್ನುವುದು ಒಂದು, ಹೊರಬದಿಯ ಚರ್ಮಕ್ಕೆ ಸ್ಪರ್ಶ ಗೊತ್ತಾಗದ ಕಾರಣ ಸುಟ್ಟರೂ ನಿಮಗೆ ತಿಳಿಯುವುದಿಲ್ಲ ಅನ್ನುವುದು ಇನ್ನೊಂದು. ಆ ಜೋಮು ಬರುವುದು ಯಾಕೆಂದರೆ ಚರ್ಮಕ್ಕೆ ಹೋಗುವ ಒಂದು ಸಣ್ಣ ನರದ ಕವಲು ಕೊಯ್ಯುವ ದಾರಿಯಲ್ಲೇ ಅಡ್ಡ ಬರುತ್ತದೆ, ಅದನ್ನು ಉಳಿಸುವುದು ಕಷ್ಟ. ವರ್ಷದೊಳಗೆ ಜೋಮಿನ ಜಾಗ ಸಣ್ಣದಾಗುತ್ತದೆ, ಒಂದು ನಾಣ್ಯದಷ್ಟು ಉಳಿದರೂ ಉಳಿಯಬಹುದು.

ಕಟಕಟ ಸದ್ದಿಗೆ ಹೆದರಬೇಡಿ. ಒಳಗಿರುವುದು ಲೋಹ ಮತ್ತು ಪ್ಲಾಸ್ಟಿಕ್, ಅವು ತಾಗಿದಾಗ ಸದ್ದು ಬರುತ್ತದೆ. ನೋವಿಲ್ಲದ ಸದ್ದಿಗೆ ಚಿಕಿತ್ಸೆ ಇಲ್ಲ, ಬೇಕಾಗಿಯೂ ಇಲ್ಲ. ಆದರೆ ಕುರ್ಚಿಯಿಂದ ಏಳುವಾಗ, ಮಂಡಿ ನೇರ ಆಗುವ ಸ್ವಲ್ಪ ಮೊದಲು ಏನೋ ಸಿಕ್ಕಿಕೊಂಡು ‘ಟಕ್’ ಅಂತ ಬಿಟ್ಟುಕೊಂಡ ಹಾಗಾಗಿ ನೋವಾದರೆ ಅದು ಬೇರೆ. ಚಿಪ್ಪಿನ ಮೇಲ್ಗಡೆ ಗಾಯದ ನಾರಿನ ಗಂಟು ಬೆಳೆದು ಲೋಹದ ಅಂಚಿಗೆ ಸಿಕ್ಕಿಕೊಳ್ಳುವುದುಂಟು. ಇದು ಸಾಮಾನ್ಯವಾಗಿ ಕೆಲವು ತಿಂಗಳು ಕಳೆದ ಮೇಲೆ ಶುರುವಾಗುತ್ತದೆ, ತುಂಬಾ ಕಾಡಿದರೆ ಸಣ್ಣ ತೂತಿನಿಂದ ದುರ್ಬೀನು ಹಾಕಿ ಆ ಗಂಟನ್ನು ತೆಗೆಯುತ್ತಾರೆ.

ಈಗ ಬಟನ್ ಪ್ರಶ್ನೆ. ನಿಮಗೆ ಯಾರೂ ಅರ್ಧ ಕೆಲಸ ಮಾಡಿಲ್ಲ. ಚಿಪ್ಪಿನ ಹಿಂಬದಿಯನ್ನು ಕೆತ್ತಿ ಪ್ಲಾಸ್ಟಿಕ್ ಬಟನ್ ಕೂರಿಸುವುದು ಒಂದು ಪದ್ಧತಿ, ಚಿಪ್ಪನ್ನು ಇದ್ದಂತೆ ಬಿಡುವುದು ಇನ್ನೊಂದು. ಅಮೆರಿಕದಲ್ಲಿ ಬಹುತೇಕ ಸರ್ಜನ್‌ಗಳು ಹಾಕುತ್ತಾರೆ, ಬೇರೆ ಎಷ್ಟೋ ದೇಶಗಳಲ್ಲಿ ಚಿಪ್ಪು ನೋಡಿ ನಿರ್ಧರಿಸುತ್ತಾರೆ, ನಮ್ಮಲ್ಲೂ ಎರಡೂ ಇದೆ. ಹಾಕದವರಲ್ಲಿ ಮುಂದೆ ಎಂದೋ ಬಟನ್‌ಗಾಗಿ ಇನ್ನೊಂದು ಆಪರೇಷನ್ ಬೇಕಾಗುವ ಸಾಧ್ಯತೆ ಸ್ವಲ್ಪ ಹೆಚ್ಚು. ಹಾಕಿದವರಲ್ಲಿ ಬಟನ್ ಸಡಿಲಾಗುವ, ಕೆತ್ತಿ ತೆಳುವಾದ ಚಿಪ್ಪು ಮುರಿಯುವ ಅಪಾಯ ಇದೆ. ನಡೆದಾಡುವುದರಲ್ಲಿ ಒಟ್ಟಾರೆ ದೊಡ್ಡ ವ್ಯತ್ಯಾಸ ಇಲ್ಲ. ನಮ್ಮವರ ಚಿಪ್ಪು ಸಾಮಾನ್ಯವಾಗಿ ಸಣ್ಣದು, ತೆಳು, ಅದಕ್ಕೇ ಎಷ್ಟೋ ಸರ್ಜನ್‌ಗಳು ಕೆತ್ತಲು ಹಿಂಜರಿಯುತ್ತಾರೆ. ಖಚಿತ ಮಾಡಿಕೊಳ್ಳಬೇಕಿದ್ದರೆ ಫೈಲ್‌ನಲ್ಲಿ ಅಂಟಿಸಿರುವ ಸ್ಟಿಕ್ಕರ್‌ಗಳನ್ನು ನೋಡಿ, ಯಾವ ಯಾವ ಭಾಗ ಹಾಕಿದ್ದಾರೆ ಅಂತ ಅದರಲ್ಲೇ ಇರುತ್ತದೆ. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ (ಎನ್‌ಪಿಪಿಎ) ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿದಾಗ ಚಿಪ್ಪಿನ ಭಾಗಕ್ಕೂ ಬೇರೆಯೇ ದರ ಇಟ್ಟಿತು, ಹಾಗಾಗಿ ಬಿಲ್‌ನಲ್ಲೂ ತಿಳಿಯಬೇಕು.

ಯಾವಾಗ ನನ್ನ ಮಾತು ಬಿಟ್ಟು ಸರ್ಜನ್ ಹತ್ತಿರ ಓಡಬೇಕು ಅಂತ ಹೇಳುತ್ತೇನೆ. ಜ್ವರ, ಗಾಯದಲ್ಲಿ ಕೀವು ಅಥವಾ ನೀರು, ಇಳಿದಿದ್ದ ಊತ ಮತ್ತೆ ಕೆಂಪಾಗಿ ಏರಿದ್ದು, ರಾತ್ರಿ ಮಲಗಿದಾಗಲೂ ಬಿಡದ ನೋವು. ಇದರಲ್ಲಿ ಯಾವುದಿದ್ದರೂ ಸೋಂಕಿನ ಅನುಮಾನ. ಆಗ ಒಂದು ತಪ್ಪು ಮಾಡಬೇಡಿ: ಪಕ್ಕದ ಕೆಮಿಸ್ಟ್ ಕೊಟ್ಟ ಆಂಟಿಬಯಾಟಿಕ್ ನುಂಗಬೇಡಿ. ಮಂಡಿಯ ನೀರು ತೆಗೆದು ಪರೀಕ್ಷೆ ಮಾಡುವ ಮೊದಲೇ ಮಾತ್ರೆ ತೆಗೆದುಕೊಂಡರೆ ರೋಗಾಣು ಅಡಗಿಕೊಳ್ಳುತ್ತದೆ, ಪರೀಕ್ಷೆಯಲ್ಲಿ ಸಿಗುವುದಿಲ್ಲ, ಒಳಗೊಳಗೇ ಬೆಳೆಯುತ್ತದೆ. ಮೀನಖಂಡ ಬಾತು ನೋವಾದರೆ ಅದೇ ದಿನ ತೋರಿಸಿ, ರಕ್ತ ಹೆಪ್ಪುಗಟ್ಟಿರಬಹುದು. ಎದೆನೋವು, ಉಸಿರಾಟದ ಕಷ್ಟ ಇದ್ದರೆ ನೇರ ಎಮರ್ಜೆನ್ಸಿಗೆ.

ಇವು ಯಾವುದೂ ಇಲ್ಲ, ಆದರೆ ಆರು ವಾರ ಸರಿಯಾಗಿ ಮಾಡಿದರೂ ನೋವು ಇದ್ದಲ್ಲೇ ಇದೆ, ಅಥವಾ ಮಂಡಿ ಬಗ್ಗಿಸುವಾಗ ಚಿಪ್ಪು ಹೊರಕ್ಕೆ ಜಾರುವುದು ಕಣ್ಣಿಗೇ ಕಾಣುತ್ತದೆ ಅಂದರೆ ಸರ್ಜನ್ ಹತ್ತಿರ ‘ಸ್ಕೈಲೈನ್’ ಎಕ್ಸ್‌ರೇ ಬೇಕಾ ಅಂತ ಕೇಳಿ. ಮಂಡಿ ಬಗ್ಗಿಸಿ ಚಿಪ್ಪಿನ ಉದ್ದಕ್ಕೆ ತೆಗೆಯುವ ಫೋಟೋ ಅದು. ಚಿಪ್ಪು ತೋಡಿನ ನಡುವೆ ಕೂತಿದೆಯೋ ವಾಲಿದೆಯೋ ಅದರಲ್ಲಿ ಕಾಣುತ್ತದೆ, ಎದುರಿನಿಂದ ತೆಗೆದ ಫೋಟೋದಲ್ಲಿ ಅಷ್ಟು ಕಾಣದು. ಒಳಗಿನ ಲೋಹದ ಭಾಗವೇ ಸ್ವಲ್ಪ ತಿರುಗಿ ಕೂತಿದ್ದರೆ ಸಿಟಿ ಸ್ಕ್ಯಾನ್‌ನಲ್ಲಿ ತಿಳಿಯುತ್ತದೆ. ಅದನ್ನು ನನ್ನ ವ್ಯಾಯಾಮ ಸರಿ ಮಾಡಲಾರದು. ಸೊಂಟದ ಕೀಲಿನ ನೋವೂ ಮಂಡಿಯ ಮುಂದೆ ಬಂದು ಕೂರುವುದುಂಟು, ಅದನ್ನೂ ಒಮ್ಮೆ ನೋಡಿಸಿ.

ಪೂಜೆಗೆ ಬರೋಣ. 105 ಡಿಗ್ರಿಗೆ ಚಕ್ಕಳಮಕ್ಕಳ ಆಗುವುದಿಲ್ಲ, ಬಲವಂತ ಮಾಡಿದರೆ ಚಿಪ್ಪಿಗೇ ಪೆಟ್ಟು. ಈ ಸಲದ ಗಣೇಶ ಹಬ್ಬಕ್ಕೆ ಎತ್ತರದ ಕುರ್ಚಿಯಲ್ಲಿ ಕೂರಿ, ದೇವರ ಮಂಟಪವನ್ನು ಟೇಬಲ್ ಮೇಲೆ ಏರಿಸಿ. ಮಂಡಿಯೂರುವುದರಿಂದ ಕೃತಕ ಮಂಡಿ ಹಾಳಾಗುವುದಿಲ್ಲ, ಆದರೆ ಜೋಮು ಮತ್ತು ಗಾಯದ ಗೆರೆಯಿಂದಾಗಿ ವಿಚಿತ್ರ ಅನಿಸುತ್ತದೆ. ಸರ್ಜನ್ ಸರಿ ಅಂದ ಮೇಲೆ ಮೊದಲು ಹಾಸಿಗೆಯ ಮೇಲೆ, ಆಮೇಲೆ ಮಡಚಿದ ರಜಾಯಿಯ ಮೇಲೆ ಅಭ್ಯಾಸ ಮಾಡಿ. ನೆಲಕ್ಕೆ ಇಳಿದು ಏಳುವುದನ್ನು ಒಬ್ಬರೇ ಇದ್ದಾಗ ಪ್ರಯತ್ನಿಸಬೇಡಿ.

ಉಡುಪಿಗೆ ಹೋಗಬಹುದು. ಆಗ ನಿಮಗೆ 14 ವಾರ ಆಗಿರುತ್ತದೆ, ಸರ್ಜನ್‌ಗೆ ಒಂದು ಮಾತು ತಿಳಿಸಿ. ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ಠಾಣೆಯಿಂದ ಹತ್ತುವುದಾದರೆ ಇಡೀ ರಾತ್ರಿಯ ಪ್ರಯಾಣ, ಹಿರಿಯರ ಲೋವರ್ ಬರ್ತ್ ಕೋಟಾದಲ್ಲೇ ಟಿಕೆಟ್ ತೆಗೆಸಿ. ಕೂತಲ್ಲಿ ಗಂಟೆಗೊಮ್ಮೆ ಪಾದ ಮೇಲೆ ಕೆಳಗೆ ಇಪ್ಪತ್ತು ಸಲ ಆಡಿಸಿ, ಎರಡು ಗಂಟೆಗೊಮ್ಮೆ ಎದ್ದು ಬೋಗಿಯ ತುದಿಗೆ ಹೋಗಿ ಬನ್ನಿ. ವೆಸ್ಟರ್ನ್ ಟಾಯ್ಲೆಟ್ ಯಾವ ಕಡೆ ಇದೆ ಅಂತ ಹತ್ತಿದ ಕೂಡಲೇ ನೋಡಿಕೊಳ್ಳಿ, ರಾತ್ರಿ ಹುಡುಕುವ ಪಾಡು ಬೇಡ. ಚೀಲ ಜೊತೆಗೆ ಬರುವವರ ಕೈಯಲ್ಲಿರಲಿ. ಹತ್ತುವಾಗ ಎರಡೂ ಕೈಯಲ್ಲಿ ಬಾಗಿಲ ಕಂಬಿ ಹಿಡಿದು ಎಡಗಾಲು ಮೊದಲು. ಬೆಳಗ್ಗೆ ಉಡುಪಿಯಲ್ಲಿ ಇಳಿಯುವಾಗ ಬಲಗಾಲು ಮೊದಲು, ರಾತ್ರಿ ಮಲಗಿದ್ದರಿಂದ ಆಗ ಮಂಡಿ ಬಿಗಿದಿರುತ್ತದೆ, ಅದಕ್ಕೆ ಸ್ಟೇಷನ್ ಬರುವ ಅರ್ಧ ಗಂಟೆ ಮೊದಲೇ ಎದ್ದು ಕೂತು ನಾಲ್ಕು ಸಲ ಬಗ್ಗಿಸಿ ಚಾಚಿ ಸಿದ್ಧ ಮಾಡಿಟ್ಟುಕೊಳ್ಳಿ. ಹೋಗುವಾಗ ಆ ಟೈಲರ್ ಟೇಪನ್ನೂ ಚೀಲಕ್ಕೆ ಹಾಕಿ.